ಘಟ್ಟದ ಬುಡದ ಕರಿಕಲ್ಲಿನ ಗುಡಿ – ತಾಂಬಡಿ ಸುರ್ಲಾದಲ್ಲಿ ನಾವು ಕಲಿತ ಇತಿಹಾಸ



ಗೋವಾ ಎಂದ ಕೂಡಲೇ ನಮ್ಮ ಕಡೆಯವರ ಕಣ್ಣ ಮುಂದೆ ಬರುವುದು ಸಮುದ್ರ, ಚರ್ಚು ಮತ್ತು ಗೋಡಂಬಿ. ಕರ್ನಾಟಕದಿಂದ ಬರುವ ಶಾಲಾ ಪ್ರವಾಸದ ಬಸ್ಸುಗಳೂ ಹೆಚ್ಚಾಗಿ ಹಳೆ ಗೋವಾ, ಮೀರಾಮಾರ್, ಕಲಂಗುಟ್, ಮಂಗೇಶಿ ಇಷ್ಟನ್ನು ತೋರಿಸಿಕೊಂಡು ಹಿಂದಿರುಗುತ್ತವೆ. ತಪ್ಪೇನಿಲ್ಲ, ನೋಡಬೇಕಾದ ಸ್ಥಳಗಳೇ. ಆದರೆ ಗೋವೆಗೆ ಸಮುದ್ರದ ಕಡೆಗೆ ಒಂದು ಮುಖವಿದ್ದರೆ ಘಟ್ಟದ ಕಡೆಗೆ ಇನ್ನೊಂದು ಮುಖವಿದೆ. ಆ ಮುಖವನ್ನು ನೋಡಬೇಕೆಂದರೆ ಸಹ್ಯಾದ್ರಿಯ ಬುಡದಲ್ಲಿರುವ ತಾಂಬಡಿ ಸುರ್ಲಾ ಎಂಬ ಪುಟ್ಟ ಹಳ್ಳಿಗೆ ಹೋಗಬೇಕು. ಒಂದು ಚಳಿಗಾಲದ ಭಾನುವಾರ ನಮ್ಮ ಶಾಲೆಯ ಮೇಲಿನ ತರಗತಿಯ ಮಕ್ಕಳನ್ನು ಕರೆದುಕೊಂಡು ನಾವು ಅಲ್ಲಿಗೆ ಹೋಗಿ ಬಂದೆವು. ಅಲ್ಲಿ ಕಂಡದ್ದನ್ನೂ, ಕಂಡದ್ದರ ಹಿಂದಿರುವ ಇತಿಹಾಸವನ್ನೂ ಗಡಿಯ ಆಚೀಚೆಯ ಕನ್ನಡ ಶಾಲೆಗಳವರೊಂದಿಗೆ ಹಂಚಿಕೊಳ್ಳೋಣ ಎಂದು ಈ ಬರಹ.

ಊರಿನ ದಾರಿ

ಪಣಜಿಯಿಂದ ತಾಂಬಡಿ ಸುರ್ಲಾ ಸುಮಾರು 65 ಕಿ.ಮೀ. ದೂರ. ಬೆಳಗಾವಿ ಕಡೆಯಿಂದ ಬರುವವರು ಖಾನಾಪುರ, ಲೋಂಡಾ ದಾಟಿ ಅನಮೋಡ ಘಟ್ಟ ಇಳಿದು ಮೊಲ್ಲೆಂಗೆ ಬರಬೇಕು. ಅಲ್ಲಿಂದ ಕಾಡಿನ ಒಳರಸ್ತೆ. ನಾವು ಕರಾವಳಿಯ ಕಡೆಯಿಂದ ಪೋಂಡಾ ಮಾರ್ಗವಾಗಿ ಹೋದೆವು. ಪೋಂಡಾ ದಾಟಿದ ಮೇಲೆ ಜನ ಕಡಿಮೆಯಾಗಿ ಮರ ಹೆಚ್ಚಾಗುತ್ತವೆ. ಅಡಿಕೆ, ತೆಂಗು, ಮೆಣಸು ಒಟ್ಟಿಗೇ ಬೆಳೆಯುವ ತೋಟಗಳು ಕಾಣಿಸುತ್ತವೆ. ಇವಕ್ಕೆ ಇಲ್ಲಿ ಕುಳಾಗರ ಎನ್ನುತ್ತಾರೆ. ಶಿರಸಿ ಕಡೆಯ ತೋಟಗಳನ್ನು ನೋಡಿದವರಿಗೆ ಇವು ಹೊಸದೆನಿಸುವುದಿಲ್ಲ. ಮುಂದೆ ಭಗವಾನ್ ಮಹಾವೀರ ಅಭಯಾರಣ್ಯದ ದಟ್ಟ ಕಾಡು.

ತಾಂಬಡಿ ಎಂದರೆ ಕೊಂಕಣಿಯಲ್ಲಿ ಕೆಂಪು. ಈ ನೆಲವನ್ನು ನೋಡಿದರೆ ಹೆಸರಿಗೆ ಬೇರೆ ಅರ್ಥ ಹುಡುಕುವ ಅಗತ್ಯವಿಲ್ಲ, ಮಣ್ಣು ಅಷ್ಟು ಕೆಂಪಾಗಿದೆ. ಊರಿನಲ್ಲಿ ಮನೆಗಳು ಒಂದಕ್ಕೊಂದು ದೂರ ದೂರ. ಅಂಗಳದಲ್ಲಿ ತುಳಸಿಕಟ್ಟೆ, ಹಿತ್ತಲಲ್ಲಿ ಗೇರುಮರ, ಹಿಂದೆ ಗೋಡೆಯಂತೆ ಎದ್ದು ನಿಂತ ಘಟ್ಟ. ಗುಡಿಯ ಪಕ್ಕದಲ್ಲೇ ಹೊಳೆಯೊಂದು ಹರಿಯುತ್ತದೆ. ಇದಕ್ಕೆ ಸುರ್ಲಾ ಹೊಳೆ ಎಂದೂ ರಗಾಡೋ ಎಂದೂ ಹೆಸರು. ಈ ನೀರು ಕೊನೆಗೆ ಮಾಂಡೋವಿ ನದಿಗೆ, ಅಂದರೆ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ನಮ್ಮ ಮಹಾದಾಯಿಗೇ ಸೇರುತ್ತದೆ.

ಗುಡಿ

ಮಹಾದೇವನ ಗುಡಿ ಗಾತ್ರದಲ್ಲಿ ದೊಡ್ಡದಲ್ಲ. ಹಂಪಿ, ಬಾದಾಮಿ ನೋಡಿದವರಿಗೆ ಮೊದಲ ನೋಟಕ್ಕೆ ಇಷ್ಟೇನಾ ಎನಿಸಬಹುದು. ನಿಧಾನವಾಗಿ ನೋಡಬೇಕು. ಗರ್ಭಗುಡಿ, ಅಂತರಾಳ, ಕಂಬಗಳ ಮಂಟಪ ಮೂರೂ ಒಂದೇ ಸಾಲಿನಲ್ಲಿವೆ. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಉದಯಿಸುವ ಸೂರ್ಯನ ಕಿರಣ ದೇವರ ಮೇಲೆ ಬೀಳಲಿ ಎಂಬುದು ಉದ್ದೇಶ. ಮಂಟಪಕ್ಕೆ ಮೂರು ಕಡೆಯಿಂದ ಪ್ರವೇಶವಿದೆ. ಮಧ್ಯದಲ್ಲಿ ನಾಲ್ಕು ಕಂಬಗಳ ನಡುವೆ ನಂದಿ ಕುಳಿತಿದೆ, ಆದರೆ ಅದರ ತಲೆ ಇಲ್ಲ. ಮೇಲೆ ಛಾವಣಿಯಲ್ಲಿ ಕಮಲ ಅರಳಿದೆ. ಒಂದು ಕಂಬದ ಬುಡದಲ್ಲಿ ಆನೆಯೊಂದು ಕುದುರೆಯನ್ನು ತುಳಿಯುತ್ತಿರುವ ಕೆತ್ತನೆ ಇದೆ. ಶಿಖರದ ಬದಿಗಳಲ್ಲಿ ಬ್ರಹ್ಮ, ವಿಷ್ಣು, ಶಿವರ ಉಬ್ಬುಶಿಲ್ಪಗಳಿವೆ. ಶಿಖರ ಮಾತ್ರ ಪೂರ್ಣವಾಗಿಲ್ಲ.

ಮಕ್ಕಳಿಗೆ ಹೆಚ್ಚು ಆಶ್ಚರ್ಯ ತಂದದ್ದು ಇದು ಯಾವುದೂ ಅಲ್ಲ. ಕಲ್ಲು ಮತ್ತು ಕಲ್ಲಿನ ನಡುವೆ ಗಾರೆ ಇಲ್ಲ ಎಂಬ ಸಂಗತಿ! ನಮ್ಮ ಶಾಲೆಯ ಮಕ್ಕಳ ತಂದೆ-ತಾಯಿಯರಲ್ಲಿ ಬಹಳಷ್ಟು ಜನ ಕಟ್ಟಡ ಕೆಲಸದವರು. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ ಕಡೆಯಿಂದ ಬಂದವರು. ಹೀಗಾಗಿ ಕಲ್ಲು, ಗಾರೆ, ಸಿಮೆಂಟು, ಗಾರೆಯವನ ಕೈಚಳಕ ಇವೆಲ್ಲ ಆ ಮಕ್ಕಳಿಗೆ ಪಾಠವಲ್ಲ, ಮನೆಯ ಮಾತು. ಒಬ್ಬ ಹುಡುಗ ಎರಡು ಕಲ್ಲುಗಳ ಸಂದಿಗೆ ಉಗುರು ತೂರಿಸಲು ನೋಡಿ, "ಸರ್, ಇದರಾಗ ಉಗುರೂ ಹೋಗವಲ್ದ್ರಿ" ಎಂದ. ಕಲ್ಲಿಗೆ ಕಲ್ಲು ಕಚ್ಚುವಂತೆ ಕೊರೆದು, ಭಾರದಿಂದಲೇ ಭಾರವನ್ನು ನಿಲ್ಲಿಸುವ ಈ ವಿದ್ಯೆಯನ್ನು ಅವನಿಗೆ ನಾವು ವಿವರಿಸಬೇಕಾಗಲಿಲ್ಲ. ಅವನೇ ಉಳಿದವರಿಗೆ ವಿವರಿಸಿದ.

ಕಟ್ಟಿದವರು ಯಾರು?

ಈ ಗುಡಿಯನ್ನು ಶೈಲಿಯ ಆಧಾರದ ಮೇಲೆ 12-13ನೇ ಶತಮಾನದ್ದೆಂದು ಗುರುತಿಸುತ್ತಾರೆ. ಕದಂಬ-ಯಾದವ ಶೈಲಿ ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಆಗ ಈ ಪ್ರದೇಶವನ್ನು ಆಳುತ್ತಿದ್ದವರು ಗೋವೆಯ ಕದಂಬರು.

ಕದಂಬರೆಂದರೆ ನಮ್ಮ ಮಕ್ಕಳಿಗೆ ಬನವಾಸಿಯ ಮಯೂರವರ್ಮ ಗೊತ್ತು. ನಾಲ್ಕನೇ ಶತಮಾನದಲ್ಲಿ ರಾಜ್ಯ ಕಟ್ಟಿದವನು. ಬನವಾಸಿಯ ಆಳ್ವಿಕೆ ಮುಗಿದ ಎಷ್ಟೋ ಕಾಲದ ನಂತರ, ಹತ್ತು-ಹನ್ನೊಂದನೇ ಶತಮಾನದಲ್ಲಿ, ಅದೇ ಹೆಸರಿನ ಮನೆತನಗಳು ಮತ್ತೆ ತಲೆಯೆತ್ತಿದವು. ಹಾನಗಲ್ಲಿನಲ್ಲಿ ಒಂದು, ಗೋವೆಯಲ್ಲಿ ಇನ್ನೊಂದು. ಗೋವೆಯ ಕದಂಬರ ಮೊದಲ ರಾಜಧಾನಿ ಚಂದ್ರಪುರ, ಅಂದರೆ ಇಂದಿನ ಚಾಂದೋರ್. ಹನ್ನೊಂದನೇ ಶತಮಾನದ ನಡುವಿನಲ್ಲಿ ಒಂದನೇ ಜಯಕೇಶಿ ರಾಜಧಾನಿಯನ್ನು ಜುವಾರಿ ನದಿಯ ದಂಡೆಯ ಗೋಪಕಪಟ್ಟಣಕ್ಕೆ ಒಯ್ದ. ಅದು ದೊಡ್ಡ ಬಂದರು. ಅರಬ್ ಮೂಲದ ಛಡಮ ಎಂಬುವನು ಈ ಜಯಕೇಶಿಯ ಕೈಕೆಳಗೆ ದೊಡ್ಡ ಅಧಿಕಾರಿಯಾಗಿದ್ದ ಎಂಬುದು ತಾಮ್ರಶಾಸನದಿಂದ ತಿಳಿಯುತ್ತದೆ. ಸಾವಿರ ವರ್ಷದ ಹಿಂದೆಯೇ ಈ ಬಂದರಿನಲ್ಲಿ ಎಂಥೆಂಥ ಜನ ಓಡಾಡುತ್ತಿದ್ದರು ನೋಡಿ.

ಇವರು ಕಲ್ಯಾಣದ ಚಾಲುಕ್ಯರ ಸಾಮಂತರು. ಎರಡನೇ ಜಯಕೇಶಿಗೆ ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯ ತನ್ನ ಮಗಳು ಮೈಲಳದೇವಿಯನ್ನು ಕೊಟ್ಟು ಮದುವೆ ಮಾಡಿದ. ಕಲ್ಯಾಣವೆಲ್ಲಿ, ಗೋವೆಯೆಲ್ಲಿ! ಆದರೆ ಘಟ್ಟದ ಮೇಲಿನ ದೊರೆಗೆ ಬಂದರು ಬೇಕಿತ್ತು, ಬಂದರಿನ ದೊರೆಗೆ ಘಟ್ಟದ ಮೇಲಿನ ಬೆಂಬಲ ಬೇಕಿತ್ತು. ಅವರ ಮಗ ಪೆರ್ಮಾಡಿ ಶಿವಚಿತ್ತ. ಅವನ ರಾಣಿ ಕಮಲಾದೇವಿ ಕಿತ್ತೂರಿನ ಬಳಿಯ ದೇಗಾಂವದಲ್ಲಿ ಕಮಲ ನಾರಾಯಣ ಗುಡಿಯನ್ನು ಕಟ್ಟಿಸಿದಳು. ಅದನ್ನು ಕಟ್ಟಿದ ಶಿಲ್ಪಿಯ ಹೆಸರು ತಿಪ್ಪೋಜ. ಖಾನಾಪುರ ತಾಲ್ಲೂಕಿನ ಹಲಸಿ ಇವರಿಗೆ ಎರಡನೇ ರಾಜಧಾನಿಯಂತಿತ್ತು. ಅಲ್ಲಿಯ ಭೂವರಾಹ ನರಸಿಂಹ ಗುಡಿಯನ್ನು ಇಂದಿಗೂ ನೋಡಬಹುದು.

ಶಾಸನಗಳಲ್ಲಿ ಈ ಅರಸರ ನಾಡಿನ ಹೆಸರು ಬರುವುದು ಹೀಗೆ: ಕೊಂಕಣ 900 ಮತ್ತು ಪಲಸಿಗೆ 12000. ಕೊಂಕಣ ಎಂದರೆ ಘಟ್ಟದ ಕೆಳಗಿನ ಗೋವೆ. ಪಲಸಿಗೆ ಎಂದರೆ ಹಲಸಿಯ ಸುತ್ತಲಿನ ಘಟ್ಟದ ಮೇಲಿನ ನಾಡು. ಅಂದರೆ ಘಟ್ಟ ಇವರ ರಾಜ್ಯದ ಅಂಚಾಗಿರಲಿಲ್ಲ. ಅದು ರಾಜ್ಯದ ನಡುವಿನ ಬೆನ್ನೆಲುಬಾಗಿತ್ತು. ಇದನ್ನು ಕಪ್ಪುಹಲಗೆಯ ಮೇಲೆ ನಕ್ಷೆ ಬರೆದು ತೋರಿಸಿದರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ತಾಂಬಡಿ ಸುರ್ಲಾ ಇಂದಿನ ನಕ್ಷೆಯಲ್ಲಿ ರಾಜ್ಯದ ಒಂದು ಮೂಲೆ. ಕದಂಬರ ನಕ್ಷೆಯಲ್ಲಿ ಅದು ನಡುಮನೆ.

ಗೋವೆಯ ಜನ ಈ ಹೆಸರನ್ನು ಮರೆತಿಲ್ಲ. 1980ರಲ್ಲಿ ಇಲ್ಲಿಯ ಸರಕಾರಿ ಸಾರಿಗೆ ಸಂಸ್ಥೆ ಆರಂಭವಾದಾಗ ಅದಕ್ಕೆ ಕದಂಬ ಎಂದೇ ಹೆಸರಿಟ್ಟರು. ನಮ್ಮ ಮಕ್ಕಳು ದಿನವೂ ಹತ್ತುವ ಬಸ್ಸಿನ ಮೇಲಿರುವ ಸಿಂಹ ಕದಂಬರ ಲಾಂಛನ. ಕಾರವಾರದ ನೌಕಾನೆಲೆಯ ಹೆಸರೂ ಕದಂಬ. ಗಡಿಯ ಎರಡೂ ಕಡೆ ಒಂದೇ ಹೆಸರು!

ಕಲ್ಲು ಬಂದ ದಾರಿ

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಗೋವೆಯಲ್ಲಿ ಎಲ್ಲಿ ಅಗೆದರೂ ಸಿಗುವುದು ಕೆಂಪು ಜಂಬಿಟ್ಟಿಗೆ ಕಲ್ಲು. ಮನೆ, ಕೋಟೆ, ಚರ್ಚು, ಬಾವಿ ಎಲ್ಲಕ್ಕೂ ಅದೇ. ಆ ಕಲ್ಲಿನಲ್ಲಿ ಗೋಡೆ ಕಟ್ಟಬಹುದು, ಸೂಕ್ಷ್ಮವಾದ ಕೆತ್ತನೆ ಮಾಡಲಾಗದು. ಅದರ ಮೈತುಂಬ ತೂತು. ಆದರೆ ತಾಂಬಡಿ ಸುರ್ಲಾದ ಗುಡಿ ಕರಿಕಲ್ಲಿನದು. ಈ ಕಲ್ಲನ್ನು ಘಟ್ಟದ ಮೇಲಿನ ದಖ್ಖನ್ ಪ್ರಸ್ಥಭೂಮಿಯಿಂದ ಇಳಿಸಿ ತಂದರು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಭಿಪ್ರಾಯ. ಈ ಬಗೆಯ ಕರಿಕಲ್ಲಿನ ಕದಂಬರ ಕಾಲದ ಗುಡಿ ಗೋವೆಯಲ್ಲಿ ಹೀಗೆ ಇಡಿಯಾಗಿ ಉಳಿದಿರುವುದು ಇದೊಂದೇ ಎನ್ನುತ್ತಾರೆ.

ಲಾರಿ ಇಲ್ಲ, ಕ್ರೇನ್ ಇಲ್ಲ. ಕಡಿದಾದ ಕಾಡುದಾರಿಯಲ್ಲಿ ಕಂಬ, ತೊಲೆ, ಚಪ್ಪಡಿಗಳನ್ನು ಇಳಿಸಬೇಕು. ಅದಕ್ಕೆ ದಾರಿ ಬೇಕು, ದಾರಿ ತಿಳಿದ ಜನ ಬೇಕು, ಎತ್ತುಗಳು ಬೇಕು. ಕಾಡಿನ ನಡುವೆ ಇಂಥ ಗುಡಿ ಏಕೆ ಎಂದು ಕೇಳುವವರಿಗೆ ಉತ್ತರವೂ ಇದರಲ್ಲೇ ಇದೆ. ಇದು ಘಟ್ಟ ಹತ್ತಿ ಇಳಿಯುವವರ ಮಾರ್ಗದ ಪ್ರದೇಶ. ಹತ್ತುವ ಮುನ್ನ ಹೊಳೆಯ ದಂಡೆಯಲ್ಲಿ ತಂಗಬೇಕು, ಇಳಿದ ಮೇಲೆ ಕೈಕಾಲು ತೊಳೆಯಬೇಕು, ದೇವರಿಗೆ ಕೈಮುಗಿಯಬೇಕು.

ಘಟ್ಟದ ಕೆಳಗಿನಿಂದ ಉಪ್ಪು, ತೆಂಗು, ಅಡಿಕೆ, ಒಣಮೀನು ಮೇಲೆ ಹೋಗುತ್ತಿದ್ದವು. ಮೇಲಿನಿಂದ ಕಾಳುಕಡಿ, ಹತ್ತಿ, ಬಟ್ಟೆ ಕೆಳಗೆ ಬರುತ್ತಿದ್ದವು. ಮುಂದೆ ವಿಜಯನಗರದ ಕಾಲದಲ್ಲಿ ಅರಬ್ ದೇಶದ ಕುದುರೆಗಳು ಗೋವೆಯ ಬಂದರಿನಲ್ಲಿ ಇಳಿದು ಘಟ್ಟ ಹತ್ತಿ ಹಂಪಿಗೆ ಹೋದವು. ಹೇರು ಹೊತ್ತ ಎತ್ತುಗಳ ಹಿಂಡನ್ನು ನಡೆಸುತ್ತಿದ್ದವರಲ್ಲಿ ಲಂಬಾಣಿಗಳು ಮುಖ್ಯರು. ಲವಣ ಎಂಬ ಪದದಿಂದಲೇ ಲಮಾಣಿ ಎಂಬ ಹೆಸರು ಬಂತು ಎಂದು ಹೇಳುವವರೂ ಇದ್ದಾರೆ. ನಮ್ಮ ಶಾಲೆಯಲ್ಲಿ ಲಂಬಾಣಿ ಮಕ್ಕಳು ಸಾಕಷ್ಟಿದ್ದಾರೆ. ಅವರ ಅವ್ವಂದಿರು ಇಂದು ಗೋವೆಯ ಕಡಲತೀರದಲ್ಲಿ ಮಣಿಸರ, ಕಸೂತಿ ಬಟ್ಟೆ ಮಾರುತ್ತಾರೆ. ಈ ಮಾತು ಹೇಳಿದಾಗ ಆ ಮಕ್ಕಳು ಕತ್ತು ಎತ್ತಿ ಕುಳಿತರು.

ಒಂದು ಪ್ರಶ್ನೆ

ಊಟದ ಬುತ್ತಿ ಬಿಚ್ಚಿ ಹೊಳೆಯ ದಂಡೆಯಲ್ಲಿ ಕುಳಿತಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಘಾಂಟಿ ಅಂದ್ರ ಏನ್ರಿ? ಆಟ ಆಡೂ ಮುಂದ ನಮಗ ಹಂಗ ಅಂತಾರ."

ಗೋವೆಯಲ್ಲಿರುವ ಕನ್ನಡಿಗರಿಗೆ ಈ ಪದ ಗೊತ್ತಿಲ್ಲದೇ ಇಲ್ಲ. ಘಟ್ಟದ ಮೇಲಿನಿಂದ ಬಂದವರು ಎಂಬುದು ಅದರ ಅರ್ಥ. ಅರ್ಥದಲ್ಲಿ ಬೈಗುಳವೇನೂ ಇಲ್ಲ. ಆದರೆ ಹೇಳುವ ಧಾಟಿಯಲ್ಲಿ ಇರುತ್ತದೆ. ಹನ್ನೆರಡು ವರ್ಷದ ಮಗುವಿಗೆ ಆ ಧಾಟಿ ಚೆನ್ನಾಗಿ ತಿಳಿಯುತ್ತದೆ. ನಾವು ಹೇಳಿದ್ದು ಇಷ್ಟೇ: "ಘಾಂಟಿ ಅಂದರೆ ಘಟ್ಟ ಇಳಿದು ಬಂದದ್ದು ಅಂತ ಅರ್ಥ ಮಗಾ. ಅಗೋ ಆ ಗುಡಿಯ ಕಲ್ಲು ಇದೆಯಲ್ಲ, ಅದೂ ಘಟ್ಟ ಇಳಿದೇ ಬಂದದ್ದು."

ಆಗ ಉಗುರು ತೂರಿಸಿ ನೋಡಿದ್ದ ಹುಡುಗ ಥಟ್ಟನೆ ಕೇಳಿದ: "ಹಂಗಾರ ಈ ಗುಡಿ ನಮ್ದಾ ಏನ್ರಿ ಸರ್?"

ಈ ಪ್ರಶ್ನೆಗೆ ಹೌದು ಎಂದು ಹೇಳಿ ಚಪ್ಪಾಳೆ ತಟ್ಟಿಸುವುದು ಸುಲಭ. ಆದರೆ ಇತಿಹಾಸ ಕಲಿಸುವವರು ಹಾಗೆ ಮಾಡಬಾರದು ಎಂಬುದು ನಮ್ಮ ನಂಬಿಕೆ. ಹೌದು ಎಂದರೆ ಇದನ್ನು ಇಷ್ಟು ಕಾಲ ನೋಡಿಕೊಂಡು ಬಂದ ಊರಿನವರು ಯಾರು? ಇಲ್ಲಿ ದೀಪ ಹಚ್ಚಿದವರು ಇದೇ ಕಾಡಿನ ಜನ. ಇಂದಿಗೂ ಮಹಾಶಿವರಾತ್ರಿಯನ್ನು ಸಂಭ್ರಮದಿಂದ ಮಾಡುವವರು ಸುತ್ತಲಿನ ಹಳ್ಳಿಯವರು. ಅವರ ಭಾಷೆ ಕೊಂಕಣಿ. ಆ ದಿನ ಗುಡಿಯ ಬಳಿ ಇದ್ದ ವಯಸ್ಸಾದ ಅಜ್ಜ ಒಬ್ಬರನ್ನು ಈ ಗುಡಿ ಯಾರದು ಎಂದು ಮಕ್ಕಳೇ ಕೊಂಕಣಿಯಲ್ಲಿ ಕೇಳಿದರು. ಅಜ್ಜ ನಕ್ಕು, "ದೇವಾಚೆಂ" ಎಂದರು. ದೇವರದು ಎಂದು! ಇದಕ್ಕಿಂತ ಒಳ್ಳೆಯ ಉತ್ತರ ನಮಗೂ ಹೊಳೆದಿರಲಿಲ್ಲ.

ಗುಡಿ ಉಳಿದದ್ದು ಹೇಗೆ?

ಹದಿಮೂರನೇ ಶತಮಾನದಲ್ಲಿ ಕದಂಬರ ಬಲ ಕುಗ್ಗಿತು. ಹದಿನಾಲ್ಕನೇ ಶತಮಾನದ ಮೊದಲ ಭಾಗದಲ್ಲಿ ದಿಲ್ಲಿಯ ಸೈನ್ಯಗಳು ದಕ್ಷಿಣಕ್ಕೆ ಬಂದವು. 1340ರ ದಶಕದಲ್ಲಿ ಮೊರಾಕ್ಕೋ ದೇಶದ ಪ್ರವಾಸಿ ಇಬ್ನ್ ಬತೂತ ಹೊನ್ನಾವರದ ಸುಲ್ತಾನನ ಹಡಗುಗಳ ಜೊತೆ ಸಂದಾಪುರ, ಅಂದರೆ ಗೋವೆಯ ಮೇಲಿನ ದಂಡಯಾತ್ರೆಯಲ್ಲಿ ತಾನೂ ಇದ್ದೆನೆಂದು ಬರೆದಿದ್ದಾನೆ. 1380ರ ಸುಮಾರಿಗೆ ವಿಜಯನಗರದ ಮಾಧವಮಂತ್ರಿ ಗೋವೆಯನ್ನು ಗೆದ್ದ. 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಕೈಗೆ ಹೋಯಿತು. ಆಮೇಲೆ ವಿಜಾಪುರದ ಆದಿಲಶಾಹಿ. ಅವರಿಂದ 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಕಿತ್ತುಕೊಂಡ. ಈ ಪಟ್ಟಿಯನ್ನು ನೋಡಿ: ಬನವಾಸಿಯ ಹೆಸರಿನವರು, ಹಂಪಿಯವರು, ಬೀದರಿನವರು, ವಿಜಾಪುರದವರು. ಪೋರ್ಚುಗೀಸರು ಬರುವವರೆಗೆ ಗೋವೆಯ ದೊರೆಗಳಲ್ಲಿ ಹೆಚ್ಚಿನವರು ಘಟ್ಟದ ಮೇಲಿನವರೇ.

ಪೋರ್ಚುಗೀಸರ ಆಳ್ವಿಕೆ ಮೊದಲು ಇದ್ದದ್ದು ತಿಸವಾಡಿ, ಬಾರ್ದೇಶ, ಸಾಲಸೇಟ್ ಎಂಬ ಕರಾವಳಿಯ ಭಾಗಗಳಲ್ಲಿ ಮಾತ್ರ. 1540ರಿಂದ ಮುಂದಿನ ಕೆಲವು ದಶಕಗಳಲ್ಲಿ ಅಲ್ಲಿಯ ಗುಡಿಗಳನ್ನು ಕೆಡವಲಾಯಿತು. ಭಕ್ತರು ದೇವರ ಮೂರ್ತಿಗಳನ್ನು ಹೊತ್ತು ನದಿ ದಾಟಿ ಪೋಂಡಾ ಕಡೆಗೆ ಓಡಿದರು. ನಮ್ಮ ಪ್ರವಾಸಿಗರು ತಪ್ಪದೇ ನೋಡುವ ಮಂಗೇಶಿ, ಕವಳೆಯ ಶಾಂತಾದುರ್ಗಾ ಈ ದೇವರುಗಳು ಹೀಗೆ ಊರು ಬಿಟ್ಟು ಬಂದವರು. ಒಳನಾಡಿನ ಹಲವು ಭಾಗಗಳು ಆಗ ಪೋರ್ಚುಗೀಸರ ಕೈಯಲ್ಲಿ ಇರಲಿಲ್ಲ. ಅವುಗಳಲ್ಲಿ ಕೆಲವು ಶಿರಸಿ ಬಳಿಯ ಸೋದೆಯ ಅರಸರ ಆಳ್ವಿಕೆಯಲ್ಲಿದ್ದವು. 1763ರ ಸುಮಾರಿಗೆ ಹೈದರಾಲಿಯ ಸೈನ್ಯ ಸೋದೆಗೆ ನುಗ್ಗಿದಾಗ ಅಲ್ಲಿಯ ಅರಸ ಗೋವೆಗೆ ಬಂದು ಆಶ್ರಯ ಪಡೆದ. ಆ ಪ್ರದೇಶಗಳು ಪೋರ್ಚುಗೀಸರಿಗೆ ಸೇರಿದ್ದು ಆಗಲೇ. ಅಷ್ಟು ಹೊತ್ತಿಗೆ ಗುಡಿ ಕೆಡಹುವ ಕಾಲ ಮುಗಿದಿತ್ತು. ಕಾಡು, ದೂರ ಮತ್ತು ತಡ ಈ ಮೂರೂ ಸೇರಿ ತಾಂಬಡಿ ಸುರ್ಲಾವನ್ನು ಉಳಿಸಿದವು. ಇಂದು ಅದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದೆ.

ಇಳಿದವರೂ ಹತ್ತಿದವರೂ

ಘಟ್ಟ ಇಳಿದು ಬಂದವರ ಕಥೆಯನ್ನಷ್ಟೇ ಹೇಳಿದರೆ ಪಾಠ ಅರ್ಧವಾಗುತ್ತದೆ. ಹದಿನಾರನೇ ಶತಮಾನದಿಂದ ಗೋವೆಯಲ್ಲಿ ಬದುಕು ಕಷ್ಟವಾದಾಗ ಸಾವಿರಾರು ಕುಟುಂಬಗಳು ಊರು ಬಿಟ್ಟು ಕಾರವಾರ, ಕುಮಟಾ, ಹೊನ್ನಾವರ, ಮಂಗಳೂರಿನ ಕಡೆಗೆ ಹೋದವು. ಹಿಂದೂಗಳೂ ಹೋದರು, ಕ್ರೈಸ್ತರೂ ಹೋದರು. ಕನ್ನಡನಾಡು ಅವರಿಗೆ ನೆಲೆ ಕೊಟ್ಟಿತು. ಅವರು ಕೊಂಕಣಿಯನ್ನು ಬಿಡಲಿಲ್ಲ. ಅದನ್ನು ಕನ್ನಡ ಲಿಪಿಯಲ್ಲಿ ಬರೆದರು, ಕನ್ನಡದಲ್ಲೂ ದೊಡ್ಡ ಲೇಖಕರಾದರು. ಗೋವೆಯ ಮಕ್ಕಳಿಗೆ ಇದನ್ನು ಹೇಳಬೇಕು. ನಮ್ಮ ಮಕ್ಕಳಿಗೂ ಹೇಳಬೇಕು. ಒಂದು ಕಾಲಕ್ಕೆ ಅವರು ನಮ್ಮಲ್ಲಿಗೆ ಬಂದರು, ಇನ್ನೊಂದು ಕಾಲಕ್ಕೆ ನಾವು ಅವರಲ್ಲಿಗೆ ಬಂದೆವು.

ಇಂದಿನ ಗಡಿ ಬಹಳ ಹಳೆಯದೇನಲ್ಲ. ಪೋರ್ಚುಗೀಸರ ಕಾಲದಲ್ಲಿ ಘಟ್ಟದ ಕೆಳಗೆ ಕುಳೆಯಲ್ಲಿ ಅವರ ಸುಂಕದ ಕಟ್ಟೆ, ಮೇಲೆ ಕ್ಯಾಸಲ್ ರಾಕಿನಲ್ಲಿ ಬ್ರಿಟಿಷರ ಸುಂಕದ ಕಟ್ಟೆ. 1880ರ ದಶಕದಲ್ಲಿ ಹಾಕಿದ ಮಾರ್ಮಗೋವಾ ರೈಲುಮಾರ್ಗ ಈ ಎರಡನ್ನೂ ಜೋಡಿಸಿತು. 19 ಡಿಸೆಂಬರ್ 1961ರಂದು ಗೋವಾ ವಿಮೋಚನೆಯಾಯಿತು. 16 ಜನವರಿ 1967ರ ಜನಮತದಲ್ಲಿ ಗೋವೆಯ ಜನ ಮಹಾರಾಷ್ಟ್ರದಲ್ಲಿ ವಿಲೀನವಾಗುವುದು ಬೇಡ ಎಂದರು. 30 ಮೇ 1987ರಂದು ಗೋವಾ ರಾಜ್ಯವಾಯಿತು. ಅದೇ ವರ್ಷ ಕೊಂಕಣಿ ಇಲ್ಲಿಯ ರಾಜಭಾಷೆಯಾಯಿತು. ತಮ್ಮ ಭಾಷೆ, ತಮ್ಮ ನೆಲಕ್ಕಾಗಿ ಅವರು ಪಟ್ಟ ಕಷ್ಟವನ್ನು ಏಕೀಕರಣಕ್ಕಾಗಿ ಹೋರಾಡಿದ ಕನ್ನಡಿಗರು ಅರ್ಥ ಮಾಡಿಕೊಳ್ಳಲಾರರೇ? ಮಹಾದಾಯಿ ನೀರಿನ ವಿಷಯ ಬಂದಾಗ ಎರಡೂ ಕಡೆ ಮಾತು ಬಿಸಿಯಾಗುತ್ತದೆ. ಅದನ್ನು ನ್ಯಾಯಾಲಯ, ನ್ಯಾಯಮಂಡಳಿಗಳು ನೋಡಿಕೊಳ್ಳಲಿ. ಆ ಬಿಸಿ ಆಟದ ಮೈದಾನದಲ್ಲಿರುವ ಮಕ್ಕಳಿಗೆ ತಗಲಬಾರದು.

ಆದ್ದರಿಂದ ಆ ಹುಡುಗನಿಗೆ ನಾವು ಹೇಳಿದ್ದು ಹೀಗೆ: ಗುಡಿ ನಮ್ಮದು ಎಂದು ಹೇಳಬೇಡ, ಈ ಗುಡಿ ನಮಗೆ ಗೊತ್ತು ಎಂದು ಹೇಳು. ಇದರ ಕಲ್ಲು ಎಲ್ಲಿಂದ ಬಂತು, ಇದನ್ನು ಕಟ್ಟಿದ ಕಾಲ ಯಾವುದು, ಇದು ಉಳಿದದ್ದು ಹೇಗೆ ಎಂದು ಹೇಳಬಲ್ಲವನನ್ನು ಯಾರೂ ಹೊರಗಿನವನು ಎನ್ನಲಾರರು. ಎಂದರೂ ಅವನಿಗೆ ನೋವಾಗದು.

ಹೋಗುವ ಶಾಲೆಗಳಿಗೆ ಕೆಲವು ಮಾತು

ಬೆಳಗಾವಿ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳ ಶಾಲೆಗಳು ಗೋವಾ ಪ್ರವಾಸ ಹಾಕಿಕೊಂಡರೆ ಘಟ್ಟ ಇಳಿಯುವ ದಿನವೇ ತಾಂಬಡಿ ಸುರ್ಲಾವನ್ನು ಸೇರಿಸಿಕೊಳ್ಳಬಹುದು. ಬರುವ ದಾರಿಯಲ್ಲಿ ಹಲಸಿಯನ್ನೂ, ಸಾಧ್ಯವಾದರೆ ದೇಗಾಂವವನ್ನೂ ನೋಡಿದರೆ ಮೂರೂ ಗುಡಿಗಳನ್ನು ಹೋಲಿಸಿ ಪಾಠ ಮಾಡಬಹುದು. ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಸಮಯ. ಮಳೆಗಾಲದಲ್ಲಿ ಹೊಳೆ ತುಂಬಿರುತ್ತದೆ, ಮಕ್ಕಳನ್ನು ನೀರಿಗಿಳಿಸಬಾರದು. ಊಟ, ಕುಡಿಯುವ ನೀರು ಜೊತೆಗಿರಲಿ. ಇದು ಅಭಯಾರಣ್ಯ, ಪ್ಲಾಸ್ಟಿಕ್ ಬಿಟ್ಟು ಬರಬೇಡಿ. ಕಲ್ಲಿನ ಮೇಲೆ ಹೆಸರು ಗೀಚುವ ಚಟಕ್ಕೆ ಮೊದಲೇ ಕಡಿವಾಣ ಹಾಕಿ. ಹೋಗುವ ಮುನ್ನ ಮಕ್ಕಳಿಗೆ ನಾಲ್ಕು ಕೊಂಕಣಿ ಮಾತು ಕಲಿಸಿ. ಊರಿನ ಹಿರಿಯರನ್ನು ಅವರ ಭಾಷೆಯಲ್ಲೇ ಮಾತನಾಡಿಸಿದರೆ ಅವರು ಹೇಳುವುದು ಬಹಳ ಇರುತ್ತದೆ.

ನಮ್ಮ ಮಕ್ಕಳಿಗೆ ಹಿಂದಿರುಗಿದ ಮೇಲೆ ಒಂದು ಕೆಲಸ ಕೊಟ್ಟಿದ್ದೆವು. ನಿಮ್ಮ ಅಪ್ಪ-ಅವ್ವ ಯಾವ ಊರಿನಿಂದ, ಯಾವ ದಾರಿಯಲ್ಲಿ, ಯಾವ ವರ್ಷ ಗೋವೆಗೆ ಬಂದರು ಎಂದು ಕೇಳಿ ಬರೆಯಿರಿ ಎಂದು. ಅನಮೋಡ, ಚೋರ್ಲಾ, ಕ್ಯಾಸಲ್ ರಾಕ್, ಕಾರವಾರ ಎಲ್ಲ ದಾರಿಗಳೂ ಬಂದವು. ಅವನ್ನೆಲ್ಲ ಒಂದು ದೊಡ್ಡ ಹಾಳೆಯ ಮೇಲೆ ಗೆರೆ ಎಳೆದು ಗೋಡೆಗೆ ಅಂಟಿಸಿದ್ದೇವೆ. ಕದಂಬರ ಹಲಸಿ, ಚಂದ್ರಪುರ, ಗೋಪಕಪಟ್ಟಣಗಳನ್ನೂ ಅದರಲ್ಲೇ ಗುರುತಿಸಿದ್ದೇವೆ. ನಿಮ್ಮ ಶಾಲೆಯಲ್ಲೂ ಇಂಥದೊಂದು ನಕ್ಷೆ ಮಾಡಿ ನೋಡಿ. ಇತಿಹಾಸದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಆರಂಭ ಸಿಗಲಾರದು.